ಮಂಡಿಗೆ ಹತ್ತಿದ ಮರಳು

ಕಮಿಸ್ಲಿ ಹಳ್ಳಿ
೨೬ ಫೆಬ್ರವರಿ ೧೯೯೯

ಮೊಮ್ಮಗಳು ಜಿಯಾದಾಗೆ,

ನಾನು ಸತ್ತಿಲ್ಲ, ಹಸು ಸತ್ತಿಲ್ಲ, ಒಲೆಯಲ್ಲಿ ಹೊಗೆಯಾಡುತ್ತಿದೆ. ಇಲ್ಲಿಯ ಸಮಾಚಾರ ಇಷ್ಟೇ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ಅರ್ಥವಾಗದೆ, ಎರಡನೆಯ ಸಲ ನಂಬಲಾಗದೆ. ಐದು ವರ್ಷ ಪಟ್ಟಣದಲ್ಲಿ ಓದಿದವಳಿಗೆ ಸಿಕ್ಕ ಕೆಲಸ ಮಕ್ಕಳಿಗೆ ಮರಳು ತೋರಿಸುವುದು! ಒಂದು ವಾರ ಸಂಗ್ರಹಾಲಯಕ್ಕೆ ಕರೆದೊಯ್ದು ಸತ್ತ ಪ್ರಾಣಿ, ಮುರಿದ ಮಡಕೆ ತೋರಿಸಬೇಕು, ಮರುವಾರ ನದಿಯ ಪಕ್ಕದ ಕಾಪಿಟ್ಟ ಕಾಡಿಗೆ ಕರೆದೊಯ್ದು ಬದುಕಿರುವುದನ್ನು ತೋರಿಸಬೇಕು. ಪಕ್ಕದ ಮನೆ ತಾಜಿಗುಲ್‌ಗೆ ಓದಿ ಹೇಳಿದೆ. ಅವಳು ಚಹಾ ಬಟ್ಟಲು ಕೆಳಗಿಟ್ಟು, "ಅದಕ್ಕೂ ಸಂಬಳ ಕೊಡ್ತಾರೇನೇ ಉಲ್ಬೋಸಿನ್? ನಮ್ಮನೇಲಿ ಬಾಗ್ಲು ತೆಗೆದ್ರೆ ಮರಳೇ ಒಳಗ್ ಬಂದು ಪಾಠ ಹೇಳುತ್ತೆ" ಅಂದಳು. ನಾನು ನಿನ್ನ ಪಕ್ಷ ವಹಿಸಿ ಅವಳಿಗೆ ನಾಲ್ಕು ಮಾತು ಅಂದೆ. ಆಮೇಲೆ ಒಳಗೆ ಬಂದು ಅದನ್ನೇ ನಾನೂ ಅಂದುಕೊಂಡೆ.

ಇರಲಿ, ಒಪ್ಪಿಕೊಂಡ ಮೇಲೆ ಸರಿಯಾಗಿ ಮಾಡು. ಕಾಡಿಗೆ ಕರೆದೊಯ್ದಾಗ ಮಕ್ಕಳಿಗೆ ಮೊದಲು ಮರ ತೋರಿಸಬೇಡ, ನೆಲ ತೋರಿಸು. ನಿನ್ನ ಮುತ್ತಜ್ಜ ಕುತ್ಲಿಮುರಾತ್ ಜಾಡುಗಾರನಾಗಿದ್ದ ಅಂತ ನಿನಗೆ ಗೊತ್ತು. ಕಳೆದುಹೋದ ಒಂಟೆ, ಕದ್ದ ಕುದುರೆ, ತವರಿಗೆ ಓಡಿಹೋದ ಸೊಸೆ, ಯಾರ ಹೆಜ್ಜೆಯನ್ನು ಬೇಕಾದರೂ ಮರಳಿನಲ್ಲಿ ಓದುತ್ತಿದ್ದ. ಮೂರು ಹೆಣ್ಣಾದ ಮೇಲೆ ನನಗೆ 'ಗಂಡಾಗಲಿ' ಅನ್ನುವ ಅರ್ಥದ ಈ ಹೆಸರಿಟ್ಟ. ಗಂಡು ಬರಲಿಲ್ಲ, ಹಾಗಾಗಿ ವಿದ್ಯೆ ನನ್ನ ಪಾಲಿಗೆ ಬಂತು. ಅವನು ಕಲಿಸಿದ ಮೊದಲ ಮಾತೇ ಇದು: ಹೆಜ್ಜೆಯ ಪಕ್ಕ ಮಂಡಿ ಊರು, ಮಂಡಿಗೆ ಮರಳು ಹತ್ತುವ ತನಕ ಬಾಯಿ ತೆರೆಯಬೇಡ. ನಿಂತು ನೋಡಿದವನಿಗೆ ಹೆಜ್ಜೆ ಸುಳ್ಳು ಹೇಳುತ್ತದೆ. ನಿನ್ನ ಮಕ್ಕಳಿಗೆ ಇದಿಷ್ಟನ್ನು ಹೇಳಿಕೊಡು, ಸಂಬಳಕ್ಕೆ ಮೋಸವಾಗುವುದಿಲ್ಲ.

ಇನ್ನೊಂದು ಮಾತು. ಪಶುವೈದ್ಯನ ಮಗ ಬಾಯ್‌ನಿಯಾಜ್ ನಿನ್ನ ಬಗ್ಗೆ ವಿಚಾರಿಸಿದ್ದಾನೆ. ಹುಡುಗ ನೋಡಲು ಪರವಾಗಿಲ್ಲ, ಕಿವಿ ಸ್ವಲ್ಪ ದೊಡ್ಡದು. ಯೋಚಿಸು.

ಒಣಗಿಸಿ ಜಡೆ ಹೆಣೆದ ಕರಬೂಜ ಕಳಿಸಿದ್ದೇನೆ. ಜೊತೆಯ ಹುಡುಗಿಯರಿಗೆ ಹಂಚಿ ದಾನಶೂರಳಾಗಬೇಡ, ನೀನು ತಿನ್ನು.

ನಿನ್ನ ಅಜ್ಜಿ
ಉಲ್ಬೋಸಿನ್


ಪಟ್ಟಣ
೨೩ ಮಾರ್ಚ್ ೧೯೯೯

ಪ್ರೀತಿಯ ಅಜ್ಜಿಗೆ,

ಕರಬೂಜದ ಜಡೆಯನ್ನು ಹಂಚಲಿಲ್ಲ. ಬಾಯ್‌ನಿಯಾಜ್‌ನ ಕಿವಿಯ ವಿಷಯ ಯೋಚಿಸಿದೆ, ಬೇಡ ಅನ್ನಿಸಿತು. ನೀನು ಬೈಯುವ ಮೊದಲೇ ಬೇರೆ ವಿಷಯಕ್ಕೆ ಬರುತ್ತೇನೆ.

ನನ್ನದು ಮೂರನೇ ತರಗತಿಯ ಇಪ್ಪತ್ತೆರಡು ಮಕ್ಕಳು. ಮೊದಲ ದಿನ ನಮ್ಮ ನಿರ್ದೇಶಕ ಎಂಬೆರ್ಗೆನ್ ಅವರು ಬಾಗಿಲಲ್ಲೇ ನಿಂತು ಎಲ್ಲರ ಬೂಟು ನೋಡಿ, "ಇದು ಸಂಗ್ರಹಾಲಯಾನೋ ಕುರಿದೊಡ್ಡೀನೋ" ಅಂದರು. ಹಾಗೆಂದವರು ಮಕ್ಕಳ ಹಿಂದೆಯೇ ಕೊನೆಯ ಕೋಣೆಯವರೆಗೂ ಬಂದರು. ಮೀನು ಬಲೆ, ಮದುವಣಗಿತ್ತಿಯ ನೀಲಿ ಅಂಗಿ, ನಮ್ಮ ಗುಡಾರ, ಎಲ್ಲ ತೋರಿಸಿದೆ. ಗುಡಾರವನ್ನು ಜಾಗ ಸಾಲದೆ ಬಾಗಿಲು ಶೌಚಾಲಯದ ಕಡೆಗೆ ಬರುವಂತೆ ನಿಲ್ಲಿಸಿದ್ದಾರೆ. ನೀನು ನೋಡಿದರೆ ಏನನ್ನುತ್ತೀಯೋ.

ಕಾಡಿಗೂ ಹೋಗಿ ಬಂದೆವು. ನದಿದಂಡೆಯ ತುರಂಗ ಮರಗಳಿಗೆ ಇನ್ನೂ ಚಿಗುರಿಲ್ಲ. ಒಂದು ಆಮೆ ಮಾತ್ರ ಬೇಗ ಎದ್ದು ಮರಳಿನಿಂದ ತಲೆ ಹೊರಹಾಕಿತ್ತು. ನೀನು ಹೇಳಿದಂತೆ ಇಪ್ಪತ್ತೆರಡು ಮಕ್ಕಳನ್ನೂ ನರಿಯ ಹೆಜ್ಜೆಯ ಸುತ್ತ ಮಂಡಿ ಊರಿಸಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ವಾಪಸು ಬರುವಾಗ ಬಸ್ಸಿನ ಚಕ್ರದ ಗುರುತಿಗೂ ಮಂಡಿ ಊರಿದರು. ಮರುದಿನ ಮೂವರು ತಾಯಂದಿರು ಷರಾಯಿಯ ಮಂಡಿ ಹರಿದಿದೆ ಎಂದು ಜಗಳಕ್ಕೆ ಬಂದಿದ್ದರು.

ಅವರಿಗೆ ಎಲ್ಲಕ್ಕಿಂತ ಇಷ್ಟ ಹುಲಿ. ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದಾರೆ. ಕೆಳಗೆ ಫಲಕವಿದೆ: 'ಗಂಡು ಹುಲಿ, ಮುದಿ, ಕುಂಟು. ದನ ಹಿಡಿಯುತ್ತಿತ್ತು. ೧೯೪೮ರಲ್ಲಿ ಬೇಟೆಯಾಡಲಾಯಿತು.' ನಮ್ಮ ನದಿಯ ಜೊಂಡಿನಲ್ಲಿ ಆಮೇಲೆ ಹುಲಿ ಯಾರಿಗೂ ಕಾಣಲಿಲ್ಲ ಎಂದು ಹೇಳುತ್ತೇನೆ. ಈ ಸಲ ಸರ್ಬಿನಾಜ್ ಎಂಬ ಹುಡುಗಿ, ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಿ, ಮಾತು ಕಡಿಮೆ, ಕೈ ಎತ್ತಿ, "ಯಾವ ಕಾಲು ಕುಂಟು ಅಕ್ಕಾ?" ಅಂತ ಕೇಳಿದಳು. ನಾಲ್ಕೂ ಕಾಲು ನೆಟ್ಟಗಿವೆ. ಎಂಬೆರ್ಗೆನ್ ಅವರನ್ನು ಕೇಳಿದರೆ, ಹುಲ್ಲು ತುಂಬುವಾಗ ನೆಟ್ಟಗಾಗಿರಬೇಕು ಅಂದರು.

ಅಜ್ಜಿ, ೧೯೪೮ರಲ್ಲಿ ನಿನಗೆ ಹತ್ತು ವರ್ಷ. ನಿಮ್ಮ ಕಡೆಯ ಜೊಂಡಿನಲ್ಲೇ ಹೊಡೆದರಂತೆ. ನೀನು ಅದನ್ನು ನೋಡಿದ್ದೆಯಾ?

ಇಲ್ಲಿ ಎಲ್ಲ ಚೆನ್ನಾಗಿದೆ.

ನಿನ್ನ ಜಿಯಾದಾ


ಕಮಿಸ್ಲಿ ಹಳ್ಳಿ
೪ ಏಪ್ರಿಲ್ ೧೯೯೯

ಜಿಯಾದಾಗೆ,

ಗುಡಾರದ ಬಾಗಿಲು ದಕ್ಷಿಣಕ್ಕಿರಬೇಕು. ನಿನ್ನ ನಿರ್ದೇಶಕನಿಗೆ ಹೇಳು, ಅವನ ಅಮ್ಮ ಅವನನ್ನು ಹೆತ್ತದ್ದು ಅಂಥದೇ ಗುಡಾರದಲ್ಲಿ. ಅದರ ಬಾಗಿಲನ್ನು ಅವಳು ಯಾವ ಕಡೆಗೆ ಇಟ್ಟಿದ್ದಳು ಅಂತ ಹೋಗಿ ಕೇಳಿಕೊಂಡು ಬರಲಿ.

ಸಕ್ಸಾವುಲ್ ಮರದ ಬಗ್ಗೆ ನೀನು ಏನೂ ಬರೆದಿಲ್ಲ. ನಮ್ಮ ಮರಳುಗಾಡನ್ನು ಹಿಡಿದು ನಿಲ್ಲಿಸಿರುವುದೇ ಅದು. ಒಂದು ಕೊರಡು ತೆಗೆದುಕೊಂಡು ಹೋಗಿ ಮಕ್ಕಳ ಮುಂದೆ ಬೋಗುಣಿಯ ನೀರಿಗೆ ಹಾಕು, ಕಲ್ಲಿನಂತೆ ಮುಳುಗುತ್ತದೆ. ಆಮೇಲೆ ಕೊಡಲಿ ಕೊಡು, ಕಡಿಯಲು ಬರುವುದಿಲ್ಲ. ಕಲ್ಲಿಗೆ ಅಪ್ಪಳಿಸಿದರೆ ಮಾತ್ರ ಮುರಿಯುತ್ತದೆ. ಹಸಿರಾಗಿರುವುದನ್ನು ಮುರಿದವನ ಒಲೆ ಆರುತ್ತದೆ ಅಂತ ನಮ್ಮಲ್ಲಿ ಹೇಳುತ್ತಿದ್ದರು. ಈಗ ಹೇಳುವುದಿಲ್ಲ, ಎಲ್ಲರ ಮನೆಗೂ ಗ್ಯಾಸು ಬಂದಿದೆ.

ಆಮೆಯನ್ನು ಎತ್ತಲು ಬಿಡಬೇಡ. ಹೆದರಿದರೆ ಅದು ಉಚ್ಚೆ ಹುಯ್ದುಬಿಡುತ್ತದೆ, ಅದರ ಒಂದು ವರ್ಷದ ನೀರು ಅಷ್ಟೇ. ಜಿಂಕೆಯ ಹಿಕ್ಕೆ ತೋರಿಸು. ಗಂಡು ಜಿಂಕೆಗೆ ನಾವು 'ಖಾನನ ಹೂ' ಅನ್ನುವುದು ಅದರ ಕೊಂಬಿನಿಂದ, ಆದರೆ ಮಕ್ಕಳು ನೆನಪಿಡುವುದು ಹಿಕ್ಕೆಯನ್ನು.

ಬಾಯ್‌ನಿಯಾಜ್ ವಿಷಯಕ್ಕೆ ಒಂದೇ ಸಾಲಿನಲ್ಲಿ ಬೇಡ ಅಂದೆ. ಒಂದೇ ಸಾಲಿನಲ್ಲಿ ನಾನು ಹಸುವನ್ನೂ ಮಾರುವುದಿಲ್ಲ.

ಜೊಂಡಿನ ಯಜಮಾನನ ಬಗ್ಗೆ ಕೇಳಿದ್ದೀಯ. ಅವನ ಹೆಸರನ್ನು ನೀನು ಅಷ್ಟು ಸಲೀಸಾಗಿ ಬರೆಯಬೇಡ, ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಇಲ್ಲಿ ಗಾಳಿ ಜೋರಾಗಿದೆ. ಕೊಟ್ಟಿಗೆಯ ಮಾಡು ಹಾರಿದೆ, ಕಟ್ಟಬೇಕು.

ಉಲ್ಬೋಸಿನ್


ಪಟ್ಟಣ
೨೦ ಏಪ್ರಿಲ್ ೧೯೯೯

ಪ್ರೀತಿಯ ಅಜ್ಜಿಗೆ,

ಇದನ್ನು ಕೂತು ಬರೆಯಲು ಆಗುತ್ತಿಲ್ಲ, ಅಷ್ಟು ಸಂತೋಷ.

ಸರ್ಬಿನಾಜ್‌ಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೆಲಮಾಳಿಗೆಯ ಹಳೆಯ ಕಡತಗಳನ್ನು ತೆಗೆಸಿದೆ. ಹುಲಿಯ ಚೀಟಿ ಸಿಕ್ಕಿತು. ಇಲಿ ಒಂದು ಮೂಲೆ ತಿಂದಿದೆ, ಉಳಿದದ್ದು ಸ್ಪಷ್ಟವಾಗಿದೆ: 'ನವೆಂಬರ್ ೧೯೪೮. ಗಂಡು, ಮುದಿ, ಬಲ ಹಿಂಗಾಲು ಕುಂಟು, ಒಂಟಿ. ಜಾಡು ಗುರುತಿಸಿದವರು: ಕುತ್ಲಿಮುರಾತ್, ಕಮಿಸ್ಲಿ ಹಳ್ಳಿ.'

ಅಜ್ಜಿ, ನನ್ನ ಮುತ್ತಜ್ಜ! ಎರಡು ತಿಂಗಳಿಂದ ಆ ಗಾಜಿನ ಮುಂದೆ ನಿಂತು ಪಾಠ ಹೇಳುತ್ತಿದ್ದೇನೆ, ಅದು ನಮ್ಮ ಮನೆಯದೇ ಕಥೆ ಅಂತ ನನಗೆ ಗೊತ್ತಿರಲಿಲ್ಲ. ನೀನು ಯಾಕೆ ಯಾವತ್ತೂ ಹೇಳಲಿಲ್ಲ?

ಎಂಬೆರ್ಗೆನ್ ಅವರಿಗೆ ತೋರಿಸಿದೆ. ಹೊಸ ಫಲಕ ಮಾಡಿಸಲು ಒಪ್ಪಿದ್ದಾರೆ. ಕುತ್ಲಿಮುರಾತ್ ಎಂಬ ಹೆಸರು ಎಲ್ಲಕ್ಕಿಂತ ಮೇಲೆ, ಬಾಗಿಲಿನಿಂದಲೇ ಓದುವಷ್ಟು ದಪ್ಪ ಅಕ್ಷರದಲ್ಲಿ ಇರುತ್ತದೆ. ಮೇ ೩೦ರಂದು ಸಂಗ್ರಹಾಲಯದಲ್ಲಿ ಮಕ್ಕಳ ದಿನ, ಶಿಕ್ಷಣ ಇಲಾಖೆಯವರು ನಮ್ಮ ಪಾಠ ನೋಡಲು ಬರುತ್ತಾರೆ. ಅಂದು ಫಲಕದ ಪರದೆಯನ್ನು ನೀನು ಸರಿಸಬೇಕು. ಜಾಡುಗಾರನ ಮಗಳು! ಮಕ್ಕಳಿಗೆ ಹೇಳಿಬಿಟ್ಟಿದ್ದೇನೆ.

ಇಲ್ಲಿ ಎಲ್ಲ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ.

ನಿನ್ನ ಜಿಯಾದಾ


ಪಟ್ಟಣ
೧೧ ಮೇ ೧೯೯೯

ಅಜ್ಜಿಗೆ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ನಿಮ್ಮೂರಿನಿಂದ ಬಂದ ಅಂಚೆಯವನನ್ನು ಕೇಳಿದೆ. ಅಜ್ಜಿ ಚೆನ್ನಾಗಿದ್ದಾಳೆ, ನಿನ್ನೆ ತಾನೇ ನನ್ನ ಸೈಕಲ್ಲಿಗೆ ಬೈದಳು ಅಂದ. ಹಾಗಾದರೆ ಇದು ಸಿಟ್ಟು.

ಬಾಯ್‌ನಿಯಾಜ್‌ನನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ನಿನಗೆ ಸಮಾಧಾನ ಆಗುವುದಾದರೆ ಬೇಸಿಗೆಯಲ್ಲಿ ಬಂದು ಅವನನ್ನು ನೋಡುತ್ತೇನೆ. ನೋಡುವುದರಿಂದ ಏನೂ ಹೋಗುವುದಿಲ್ಲ. ನೀನು ಮಾತ್ರ ೩೦ಕ್ಕೆ ಬಾ. ಫಲಕ ಕೆತ್ತಲು ಕೊಟ್ಟಾಗಿದೆ.

ಎಲ್ಲ ಚೆನ್ನಾಗಿದೆ.

ಜಿಯಾದಾ


ಕಮಿಸ್ಲಿ ಹಳ್ಳಿ
೧೬ ಮೇ ೧೯೯೯

ಜಿಯಾದಾಗೆ,

ಕೆತ್ತುವುದನ್ನು ನಿಲ್ಲಿಸು. ಈ ಕಾಗದ ಓದಿ ಮುಗಿಸುವ ಮೊದಲು ಹೋಗಿ ನಿಲ್ಲಿಸಿ ಬಾ, ಆಮೇಲೆ ಉಳಿದದ್ದನ್ನು ಓದು.

ಬಾಯ್‌ನಿಯಾಜ್‌ನನ್ನು ನೋಡಲು ಬರಬೇಡ. ಮುದುಕಿಯ ಮುನಿಸಿಗೆ ಹೆದರಿ ಹುಡುಗನನ್ನು ನೋಡುವವಳು ಆಮೇಲೆ ಅತ್ತೆಗೆ ಹೆದರಿ ಮಗು ಹೆರುತ್ತಾಳೆ. ನನ್ನ ಮುನಿಸು ಅವನ ಮೇಲಲ್ಲ, ನಿನ್ನ ಮೇಲೂ ಅಲ್ಲ.

ಈಗ ಹೇಳುವುದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ, ನಿನ್ನ ಅಜ್ಜನಿಗೂ ಹೇಳಿರಲಿಲ್ಲ.

ಆ ನವೆಂಬರ್‌ನಲ್ಲಿ ಸಾಮೂಹಿಕ ಹೊಲದ ಕಡಸೊಂದು ಯಜಮಾನನ ಬಾಯಿಗೆ ಹೋಯಿತು. ಪಟ್ಟಣದಿಂದ ಇಬ್ಬರು ಬೇಟೆಗಾರರು ಮೊಹರಿನ ಕಾಗದ ಹಿಡಿದು ಬಂದರು. ನಮ್ಮ ಹಿರಿಯರು ಚಹಾ ಕೊಟ್ಟು ಕೂರಿಸಿ, ಕುತ್ಲಿಮುರಾತ್ ಹೇಳಲಿ, ಆಮೇಲೆ ನೋಡೋಣ ಅಂದರು. ನಮ್ಮಲ್ಲಿ ಕಟ್ಟಳೆ ಇತ್ತು. ಯಜಮಾನ ಕುಂಟನಾದರೆ ದನ ಬಿಟ್ಟು ಮನುಷ್ಯರ ಕಡೆ ತಿರುಗುತ್ತಾನೆ, ಅವನನ್ನು ಹೊಡೆಯಬಹುದು. ಮರಿಯಿರುವ ತಾಯಿಯಾದರೆ ಊರೇ ಅಡ್ಡ ನಿಲ್ಲಬೇಕು, ಮೊಹರು ಯಾರದೇ ಇರಲಿ.

ಅಪ್ಪನಿಗೆ ಚಳಿಜ್ವರ. ಹಲ್ಲು ಕಟಕಟ ಅನ್ನುತ್ತಿತ್ತು. ನನ್ನನ್ನು ಕರೆದು, "ಹೋಗಿ ನೋಡ್ಕೊಂಡ್ ಬಾ ಮಗಾ. ಒಂದೋ ಎರಡೋ, ಅಷ್ಟು ಹೇಳಿದ್ರೆ ಸಾಕು" ಅಂದ. ಊರಿನ ಗಂಡಸರನ್ನೆಲ್ಲ ಬಿಟ್ಟು ನನ್ನನ್ನು ಕಳಿಸಿದ. ನಾನು ಕತ್ತೆ ಹತ್ತಿ ಸುಲ್ತಾನನ ಹಾಗೆ ಹೋದೆ.

ನದಿಯ ಅಂಚಿನ ಹಸಿ ಮರಳಿನಲ್ಲಿ ಹೆಜ್ಜೆ ಇತ್ತು. ನಮ್ಮ ಜೋಳದ ರೊಟ್ಟಿಯಷ್ಟು ದೊಡ್ಡದು. ಮೂರು ಕಾಲಿನದು ಅಚ್ಚೊತ್ತಿದ ಹಾಗೆ, ಬಲ ಹಿಂಗಾಲಿನದು ಮಾತ್ರ ಒಳಗಡೆ ಕಲಸಿಹೋಗಿತ್ತು, ಎಳೆದುಕೊಂಡು ಹೋದಂತೆ. ಕತ್ತೆ ನಿಂತಲ್ಲೇ ನಡುಗುತ್ತಿತ್ತು. ಆಚೆ ಜೊಂಡು ಅಲುಗಿತು. ಗಾಳಿಯೂ ಇದ್ದಿರಬಹುದು. ನಾನು ಇಳಿಯಲಿಲ್ಲ, ಜಿಯಾದಾ. ಕತ್ತೆಯ ಮೇಲಿಂದಲೇ ನೋಡಿ ತಿರುಗಿಸಿದೆ.

ಮನೆ ಹತ್ತಿರ ಬಂದಾಗ ಅಪ್ಪ ಮಂಡಿ ನೋಡುತ್ತಾನೆ ಅಂತ ನೆನಪಾಯಿತು. ಇಳಿದು, ಬೇಲಿಯ ಪಕ್ಕದ ಮರಳನ್ನು ಬೊಗಸೆಯಲ್ಲಿ ತೆಗೆದು ಎರಡೂ ಮಂಡಿಗೆ ಉಜ್ಜಿಕೊಂಡೆ. ಒಳಗೆ ಹೋಗಿ, "ಒಂದೇ ಅಪ್ಪಾ, ಕುಂಟ" ಅಂದೆ.

"ಮಂಡಿ ಊರಿದ್ಯಾ?"

"ಊರಿದೆ."

ಅವನು ನನ್ನ ಮಂಡಿ ನೋಡಿದ, ಮರಳಿತ್ತು. ಗೋಡೆ ಕಡೆ ತಿರುಗಿ ಮಲಗಿದ, ಹಿರಿಯರು ಬಂದಾಗ ಅದನ್ನೇ ಹೇಳಿದ.

ಮೂರನೇ ದಿನ ಹೊಡೆದು ಗಾಡಿಯಲ್ಲಿ ತಂದರು. ಊರೆಲ್ಲ ಸೇರಿತು. ಮೊದಲು ಕಂಡದ್ದು ಮುದುಕಿಯರಿಗೆ. ಹೊಟ್ಟೆಯ ಕೆಳಗೆ ಕೂದಲು ಒದ್ದೆಯಾಗಿತ್ತು, ಹಾಲು. ನಮ್ಮಮ್ಮ ತಲೆವಸ್ತ್ರ ತೆಗೆದು ಅಲ್ಲಿಗೆ ಮುಚ್ಚಿದಳು. ಬೇಟೆಗಾರರು ಮುಖ ತಗ್ಗಿಸಿ ಸಂಜೆಗೆ ಮೊದಲೇ ಗಾಡಿ ಹೊಡೆದುಕೊಂಡು ಹೋದರು. ಪಟ್ಟಣದಲ್ಲಿ ಗಂಡು, ಮುದಿ, ಕುಂಟು ಅಂತ ಬರೆಸಿದವರು ಅವರೇ. ತಾಯಿಯನ್ನು ಹೊಡೆದೆವು ಅಂತ ಯಾರು ಬರೆಸುತ್ತಾರೆ?

ಅಪ್ಪ ಇಬ್ಬರ ಹೆಗಲು ಹಿಡಿದು ನದಿಗೆ ಹೋಗಿ ಮಂಡಿ ಊರಿದ. ಕಲಸಿದ್ದು ಕುಂಟಿನಿಂದಲ್ಲ. ಮರಿ ಅವಳ ಹಿಂಗಾಲಿನ ಹೆಜ್ಜೆಯೊಳಗೇ ತನ್ನ ಕಾಲಿಟ್ಟು ನಡೆದಿತ್ತು. ಇಳಿದು ನೋಡಿದ್ದರೆ ಪುಟ್ಟ ಬೆರಳುಗಳು ನನಗೂ ಕಾಣುತ್ತಿದ್ದವು. ಅವನು ಜ್ವರದಲ್ಲೇ ಮೂರು ದಿನ ಜೊಂಡಿನಲ್ಲಿ ಮರಿಗಾಗಿ ಹುಡುಕಿದ. ಹೆಜ್ಜೆ ನೀರಿನವರೆಗೆ ಇತ್ತಂತೆ, ಅಲ್ಲಿಂದ ಮುಂದೆ ಇರಲಿಲ್ಲ.

ವಾಪಸು ಬಂದವನು ನನ್ನ ಮಂಡಿಯನ್ನು ಒಂದು ಸಲ ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಹಿರಿಯರಿಗೆ, "ಜ್ವರದಲ್ಲಿ ನನ್ ಕಣ್ಣು ತಪ್ತು" ಅಂದ. ಮತ್ತೆ ಯಾವತ್ತೂ ಹೆಜ್ಜೆ ನೋಡಲಿಲ್ಲ. ಹತ್ತಿ ಗೋದಾಮಿನ ಕಾವಲುಗಾರನಾದ. ಸಾಯುವ ತನಕ ಊರಿನವರು ಅವನಿಗೆ 'ಕುರುಡು ಜಾಡುಗಾರ' ಅಂದರು. ನಾನು ಕೇಳಿಸಿಕೊಂಡು ಬಟ್ಟಲು ತೊಳೆದೆ.

ಈಗ ನೀನು ನನ್ನ ಸುಳ್ಳನ್ನು ಕಲ್ಲಿನಲ್ಲಿ ಕೆತ್ತಿ ಅದರ ಮೇಲೆ ಅವನ ಹೆಸರು ಬರೆಸುತ್ತೀಯ, ಬಾಗಿಲಿನಿಂದಲೇ ಓದುವಷ್ಟು ದಪ್ಪಕ್ಕೆ. ಅದಕ್ಕೇ ನನಗೆ ಕಾಗದ ಬರೆಯಲಾಗಲಿಲ್ಲ.

ಮೂರು ಕಾಗದದಲ್ಲೂ ಕೊನೆಗೆ ಎಲ್ಲ ಚೆನ್ನಾಗಿದೆ ಅಂತ ಬರೆದಿದ್ದೀಯ. ಚೆನ್ನಾಗಿರುವವರು ಅದನ್ನು ಮೂರು ಸಲ ಬರೆಯುವುದಿಲ್ಲ. ಏನೆಂದು ಹೇಳು. ನಾನು ಹೇಳಿದ್ದೇನೆ.

ಉಲ್ಬೋಸಿನ್


ಪಟ್ಟಣ
೨೨ ಮೇ ೧೯೯೯

ಅಜ್ಜಿಗೆ,

ಕೆತ್ತುವುದನ್ನು ನಿಲ್ಲಿಸಿದೆ. ಮೊದಲ ಎರಡು ಅಕ್ಷರ ಆಗಿಹೋಗಿತ್ತು, ಆ ಕಲ್ಲು ಈಗ ಅಂಗಳದಲ್ಲಿದೆ.

ನಿನ್ನ ಕಾಗದ ಹಿಡಿದು ಗಾಜಿನ ಪೆಟ್ಟಿಗೆಯ ಹತ್ತಿರ ಹೋದೆ. ಮೂರು ತಿಂಗಳಿಂದ ಮಕ್ಕಳಿಗೆ ಮಂಡಿ ಊರಿ ಅಂತ ಹೇಳಿದವಳು, ನಾನೇ ಅದರ ಮುಂದೆ ಒಮ್ಮೆಯೂ ಊರಿರಲಿಲ್ಲ. ನೆಲಕ್ಕೆ ಕುಳಿತು ಕೆಳಗಿನಿಂದ ನೋಡಿದೆ. ಹೊಟ್ಟೆಯ ಹೊಲಿಗೆಯ ಎರಡೂ ಬದಿಗೆ ಮೊಲೆತೊಟ್ಟುಗಳಿವೆ. ಅಲ್ಲಿಯ ಕೂದಲಿಗೆ ಯಾರೋ ಬಣ್ಣ ಬಳಿದಿದ್ದಾರೆ. ನಿಂತವರಿಗೆ ಕಾಣುವುದಿಲ್ಲ.

ಎಂಬೆರ್ಗೆನ್ ಅವರನ್ನು ಕರೆದೆ. ಇಸ್ತ್ರಿ ಮಾಡಿದ ಷರಾಯಿ ಹಾಕಿದ್ದರು, ಬಹಳ ಹೊತ್ತು ಹಿಂದೆಮುಂದೆ ನೋಡಿದರು. ಕೊನೆಗೆ ಕರವಸ್ತ್ರ ಹಾಸಿ ಅದರ ಮೇಲೆ ಮಂಡಿ ಊರಿದರು. ಎದ್ದು ಕನ್ನಡಕ ಒರೆಸುತ್ತಾ, "ಕಡತ ತಿದ್ದೋದು ನನ್ ಕೈಲಿಲ್ಲ, ಮೇಲಿನವರು ಮಾಡ್ಬೇಕು. ನೀನು ಮಕ್ಕಳಿಗೆ ಏನ್ ಹೇಳ್ತೀಯೋ ಅದು ನನಗೆ ಕೇಳ್ಸಲ್ಲ" ಅಂದರು.

ಚೆನ್ನಾಗಿಲ್ಲದ್ದು ಇದು: ನನ್ನ ಕೆಲಸ ಬರೀ ಪರೀಕ್ಷಾರ್ಥವಾಗಿ ಕೊಟ್ಟದ್ದು. ೩೦ರಂದು ಬರುವವರಿಗೆ ಪಾಠ ಹಿಡಿಸದಿದ್ದರೆ ಮಕ್ಕಳ ಭೇಟಿ ನಿಲ್ಲುತ್ತದೆ. ಇನ್ನು ಒಂಬತ್ತು ವರ್ಷದವರು ಬೂಟು ಧೂಳು ಮಾಡಿಕೊಂಡು ಇಲ್ಲಿಗೆ ಬರುವುದಿಲ್ಲ. ಹೊಸ ಫಲಕವನ್ನು ತೋರಿಸಿ ಅವರನ್ನು ಮೆಚ್ಚಿಸೋಣ ಅಂದುಕೊಂಡಿದ್ದೆ. ಈಗ ಅವರ ಎದುರಿಗೇ ನಮ್ಮ ಕಡತ ಸುಳ್ಳು ಅನ್ನಬೇಕು, ಇಲ್ಲವೇ ಹುಲಿಯನ್ನು ಬಿಟ್ಟು ಮೀನು ಬಲೆ ತೋರಿಸಬೇಕು. ನೀನು ಹೇಳು ಅಂದರೆ ನಾನು ಹೇಳುತ್ತೇನೆ. ಬೇಡ ಅಂದರೆ ನಿನ್ನ ಕಾಗದ ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ. ನಿನಗೆ ಆಗ ಹತ್ತು ವರ್ಷ ಅಜ್ಜಿ, ಹತ್ತೇ ವರ್ಷ.

ಜಿಯಾದಾ


ಕಮಿಸ್ಲಿ ಹಳ್ಳಿ
೨೬ ಮೇ ೧೯೯೯

ಜಿಯಾದಾಗೆ,

ನಾನು ಹತ್ತು ವರ್ಷದವಳಾಗಿದ್ದದ್ದು ಒಂದು ವರ್ಷ ಮಾತ್ರ. ಉಳಿದ ಐವತ್ತು ವರ್ಷ ನಾನು ದೊಡ್ಡವಳೇ ಆಗಿದ್ದೆ.

ಬರುತ್ತೇನೆ. ಈರುಳ್ಳಿ ಲಾರಿಯಲ್ಲಿ ಜಾಗ ಹೇಳಿದ್ದೇನೆ. ಹೂ ಬೇಡ, ಪರದೆ ಬೇಡ. ಒಂದು ಅಗಲವಾದ ಮರದ ತಟ್ಟೆ ಮಾಡಿಸಿ ಪೆಟ್ಟಿಗೆಯ ಮುಂದೆ ಇಡು. ಮರಳನ್ನು ನಾನೇ ನದಿಯಿಂದ ತರುತ್ತೇನೆ, ನಿಮ್ಮ ಪಟ್ಟಣದ ಮರಳಿನಲ್ಲಿ ಹೆಜ್ಜೆ ನಿಲ್ಲುವುದಿಲ್ಲ. ನೀನು ಏನೂ ಹೇಳಬೇಡ. ನನ್ನ ಬಾಯಿ ನನ್ನ ಹತ್ತಿರ ಇದೆ.

ಉಲ್ಬೋಸಿನ್


ಪಟ್ಟಣ
೮ ಜೂನ್ ೧೯೯೯

ಪ್ರೀತಿಯ ಅಜ್ಜಿಗೆ,

ಲಾರಿಯವನು ನಿನ್ನನ್ನು ಮನೆಯ ಬಾಗಿಲಿಗೇ ಬಿಟ್ಟನೇ? ನೀನು ಹೋದ ಮೇಲೆ ಇಲ್ಲಿ ನಿನ್ನದೇ ಮಾತು.

ಅಂದು ನೀನು ತಟ್ಟೆಯ ಪಕ್ಕ ಕುಳಿತು, ಮುಷ್ಟಿಯಿಂದ, ಗೆಣ್ಣುಗಳಿಂದ ಆ ಹೆಜ್ಜೆಗಳನ್ನು ಒತ್ತುವಾಗ ನಾನು ಕೋಣೆಯ ಆ ತುದಿಯಲ್ಲಿ ನಿಂತಿದ್ದೆ. "ಎಷ್ಟು ಪ್ರಾಣಿ ಹೋಗಿದಾವೆ ಹೇಳ್ರಪ್ಪಾ" ಅಂದೆ. ಮಕ್ಕಳೆಲ್ಲ ಒಂದು ಅಂದರು. ಇಲಾಖೆಯ ಆ ಬೊಜ್ಜಿನ ಅಧಿಕಾರಿ ಕತ್ತು ಚಾಚಿ, "ಒಂದೇ, ಬಲಗಾಲು ಕುಂಟು" ಅಂದ. ನೀನು ಅವನನ್ನು ನೋಡಿ ನಗಲು ಶುರು ಮಾಡಿದವಳು ಕಣ್ಣು ಒರೆಸಿಕೊಂಡ ಮೇಲೂ ನಿಲ್ಲಿಸಲಿಲ್ಲ. ಆ ನಗು ನನಗೆ ಮಾತ್ರ ಅರ್ಥವಾಯಿತು.

ಆಮೇಲೆ ಸರ್ಬಿನಾಜ್ ಎಲ್ಲರ ಕಾಲುಗಳ ನಡುವೆ ನುಸುಳಿ ಬಂದು ಮಂಡಿ ಊರಿದಳು. "ಎರಡು ಅಜ್ಜಿ. ಚಿಕ್ಕದು ದೊಡ್ಡದರ ಒಳಗೇ ಕಾಲಿಡ್ತಿದೆ" ಅಂದಳು. ನಿನ್ನ ನಗು ಅಲ್ಲಿಗೆ ನಿಂತಿತು. ನೀನು ಎದ್ದು ನಿಂತು ಅಷ್ಟು ಜನರ ಎದುರಿಗೆ, "ಇವಳಷ್ಟಿದ್ದಾಗ ನಾನು ಕತ್ತೆ ಮೇಲಿಂದ ಇಳೀಲಿಲ್ಲ, ಇಳಿದೆ ಅಂತ ಸುಳ್ಳು ಹೇಳ್ದೆ. ನಮ್ಮಪ್ಪನ ಕಣ್ಣು ಸರಿಯಾಗೇ ಇತ್ತು" ಅಂದೆ. ಕಡತದ ಬಗ್ಗೆ ನಾನು ಬಾಯಿ ತೆರೆಯಬೇಕಾಗಿಯೇ ಬರಲಿಲ್ಲ. ಎಂಬೆರ್ಗೆನ್ ಅವರು ಅಧಿಕಾರಿಗೆ ತಮ್ಮ ಕರವಸ್ತ್ರ ಹಾಸಿಕೊಟ್ಟು, ಹೊಟ್ಟೆಯ ಕೆಳಗೆ ನೋಡಿ ಅಂದರು.

ಮಕ್ಕಳ ಭೇಟಿ ಮುಂದಿನ ವರ್ಷದವರೆಗೆ ನಡೆಯುತ್ತದೆ. ಕಡತ ತಿದ್ದಲು ಅರ್ಜಿ ಹೋಗಿದೆ, ಉತ್ತರ ಯಾವಾಗ ಬರುತ್ತದೋ. ಅಲ್ಲಿಯ ತನಕ ಹಳೆಯ ಫಲಕದ ಕೆಳಗೆ ಸರ್ಬಿನಾಜ್ ಬರೆದ ಚೀಟಿ ಇದೆ: 'ಇವಳು ತಾಯಿ. ಕುತ್ಲಿಮುರಾತ್ ತಾತ ಮರಿಯನ್ನು ಮೂರು ದಿನ ಹುಡುಕಿದರು.'

ಒಂದು ತೊಂದರೆ. ಕಸ ಗುಡಿಸುವ ಕಿಜ್ಲಾರ್‌ಗುಲ್ ಅಕ್ಕ ಪ್ರತಿ ಸಂಜೆ ತಟ್ಟೆಯ ಮರಳನ್ನೂ ಸಪಾಟು ಮಾಡಿಬಿಡುತ್ತಾಳೆ. ಎಷ್ಟು ಹೇಳಿದರೂ, "ಮರಳು ಚೆಲ್ಲಾಪಿಲ್ಲಿ ಇದ್ರೆ ನನ್ ಕೈ ತಡೆಯಲ್ಲ ಕಣಮ್ಮ" ಅನ್ನುತ್ತಾಳೆ. ಬೆಳಿಗ್ಗೆ ನಾನು ಒತ್ತಿದ ಹೆಜ್ಜೆಗಳು ನಾದಿದ ಹಿಟ್ಟಿನ ಹಾಗೆ ಕಾಣುತ್ತವೆ. ಏನು ಮಾಡಲಿ?

ಹೊರಡುವ ಮೊದಲು ನೀನು ಗಾಜಿಗೆ ಹಣೆ ಒತ್ತಿ ಏನೋ ಹೇಳಿದೆ. ಏನು ಹೇಳಿದೆ ಅಜ್ಜಿ?

ನಿನ್ನ ಜಿಯಾದಾ


ಕಮಿಸ್ಲಿ ಹಳ್ಳಿ
೧೫ ಜೂನ್ ೧೯೯೯

ಮೊಮ್ಮಗಳು ಜಿಯಾದಾಗೆ,

ಲಾರಿಯವನು ಬಾಗಿಲಿಗೇ ಬಿಟ್ಟ. ದಾರಿಯುದ್ದಕ್ಕೂ ಹಾಡಿದ, ಅದೊಂದು ಬಿಟ್ಟರೆ ಒಳ್ಳೆಯವನು. ಹಸು ಚೆನ್ನಾಗಿದೆ. ಮೊನ್ನೆ ತಾಜಿಗುಲ್‌ಗೆ ಎಲ್ಲ ಹೇಳಿದೆ, ಅಂದರೆ ಊರಿಗೆಲ್ಲ ಹೇಳಿದ ಹಾಗೆ. ನಿನ್ನೆ ಮೂವರು ಮುದುಕರು ನಮ್ಮಪ್ಪನ ಗೋರಿಯ ಸುತ್ತ ಬೆಳೆದ ಮುಳ್ಳು ಕಿತ್ತು ಬಂದರು. ನಾನು ಅವರಿಗೆ ಜೋಳದ ಕಡುಬಿನ ಸಾರು ಮಾಡಿ ಬಡಿಸಿದೆ.

ಗುಡಾರದ ಬಾಗಿಲು ಇನ್ನೂ ಶೌಚಾಲಯದ ಕಡೆಗೇ ಇದೆ. ನಾನು ನೋಡಿಲ್ಲ ಅಂದುಕೊಳ್ಳಬೇಡ.

ಗಾಜಿಗೆ ಹಣೆಯಿಟ್ಟು ಹೇಳಿದ್ದು ಆ ಯಜಮಾನಿ, ಅವಳ ಮರಿ, ನಾನು, ಈ ಮೂವರ ಮಾತು. ನಿನಗಲ್ಲ.

ಕಿಜ್ಲಾರ್‌ಗುಲ್‌ಳನ್ನು ಬೈಯಬೇಡ, ಗುಡಿಸಲಿ. ನದಿಯ ದಂಡೆಯ ಒಣ ಮರಳಿನಲ್ಲೂ ಗಾಳಿ ಪ್ರತಿ ಸಂಜೆ ಅದನ್ನೇ ಮಾಡುತ್ತಿತ್ತು. ಬೆಳಿಗ್ಗೆ ಹೋಗಿ ಮತ್ತೆ ಒತ್ತು. ಮೊದಲು ಮರಳಿಗೆ ನೀರು ಚಿಮುಕಿಸು, ಬಟ್ಟೆಗೆ ಇಸ್ತ್ರಿ ಮಾಡುವಾಗ ಚಿಮುಕಿಸುವಷ್ಟು. ಅಂಗೈಯ ಬುಡದಿಂದ ದೊಡ್ಡದನ್ನು ಒತ್ತು, ನಾಲ್ಕು ಗೆಣ್ಣು ಬೆರಳಿಗೆ. ಉಗುರು ಬೇಡ, ಅವಳು ಉಗುರನ್ನು ಒಳಗಿಟ್ಟು ನಡೆಯುವವಳು. ಆಮೇಲೆ ಬಲ ಹಿಂಗಾಲಿನ ಹೆಜ್ಜೆಯೊಳಗೆ ಬೆರಳ ತುದಿಗಳಿಂದ ಚಿಕ್ಕದನ್ನು ಒತ್ತು. ತೀರಾ ನಡುವೆ ಇಡಬೇಡ, ಸ್ವಲ್ಪ ಒಳಗಡೆಗೆ ಜಾರಲಿ. ಮರಿ ಅಮ್ಮನ ಹೊಟ್ಟೆಯ ಕಡೆಗೇ ಒತ್ತಿಕೊಂಡು ನಡೆಯುತ್ತದೆ. ಅಂದವಾಗಿ ಮಾಡಲು ಹೋಗಬೇಡ.

ಎಷ್ಟು ಅಂತ ಕೇಳು. ಒಂದು ಅಂದವರಿಗೆ ಬೈಯಬೇಡ. ಎರಡು ಅಂತ ನೀನಾಗಿ ಹೇಳಿಕೊಡಲೂ ಬೇಡ. ಸುಮ್ಮನೆ ಕಾಯುತ್ತಿರು. ಅಷ್ಟು ಮಕ್ಕಳಲ್ಲಿ ಯಾರಾದರೂ ಒಬ್ಬರು ಇಳಿಯುತ್ತಾರೆ.

ನಿನ್ನ ಅಜ್ಜಿ
ಜಾಡುಗಾರ ಕುತ್ಲಿಮುರಾತ್‌ನ ಮಗಳು
ಉಲ್ಬೋಸಿನ್